ಸಾಹೇಬರ ದೇವಿಗೆ ನಮ್ಮನೆಯ ಕಡಬು

ದೇವರು ಉಪವಾಸವಿರುವುದು ತಿಳಿದಿದ್ದೂ ತಾನು ಊಟಕ್ಕೆ ಕೂಡುವುದು ಸಜ್ಜನರ ಲಕ್ಷಣವಲ್ಲವೆಂದು ಬಾಲ್ಯದಿಂದ ಕಲಿತು ಬಂದವನು ನಾನು. ಯಾವ ದೇವರು, ಎಲ್ಲಿಯ ದೇವರು ಎಂಬ ಮೇರೆಯನ್ನು ಮಾತ್ರ ನನ್ನ ಗುರುಗಳು ಹೇಳಿಕೊಟ್ಟಿರಲಿಲ್ಲ. ಬೈಲಹೊಂಗಲದ ನಮ್ಮ ಮನೆಯಲ್ಲಿ ಮಧ್ಯಾಹ್ನದ ಎಲೆ ಬೀಳುವುದು ದಿನದಿಂದ ದಿನಕ್ಕೆ ತಡವಾಗುತ್ತ ಹೋದದ್ದಕ್ಕೆ ನನ್ನ ವಿದ್ಯೆಯಲ್ಲಿ ಉಳಿದುಹೋದ ಈ ಸಣ್ಣ ಕೊರತೆಯೇ ಕಾರಣ.

ನನ್ನ ತಂಗಿಯ ಮಗಳು ಗಿರಿಜೆ ವಿಲಾಯತಿಯ ಒಂದು ಚಿಕ್ಕ ಊರಿನ ವಸ್ತುಸಂಗ್ರಹಾಲಯದಲ್ಲಿ ಹಳೆಯ ಸಾಮಾನುಗಳನ್ನು ಕಾಪಾಡುವ ಕೆಲಸದಲ್ಲಿದ್ದಾಳೆ. ಹತ್ತೊಂಬತ್ತನೆಯ ಶತಮಾನದಲ್ಲಿ ಒಬ್ಬ ಸಾಹೇಬ ನಮ್ಮ ಸೀಮೆಯಲ್ಲೆಲ್ಲ ಕುದುರೆಯ ಮೇಲೆ ಸಂಚರಿಸಿ, ಕಣ್ಣಿಗೆ ಬಿದ್ದದ್ದನ್ನೆಲ್ಲ ಕಟ್ಟಿಕೊಂಡು ಹೋಗಿ, ಕೊನೆಗಾಲದಲ್ಲಿ ಅದನ್ನು ಆ ಊರಿಗೆ ಬಿಟ್ಟುಹೋದನಂತೆ. ಕಿತ್ತೂರಿನ ಕಠಾರಿ, ರಾಮದುರ್ಗದ ಅಡಕೊತ್ತು, ಮಲಪ್ರಭೆಯ ಗುಂಡುಕಲ್ಲು, ಎಲ್ಲಿಯದೋ ಅರ್ಧ ಉರಿದ ಊದಿನಕಡ್ಡಿ. ಇಂಥ ಸ್ವಭಾವದವರು ನಮ್ಮಲ್ಲಿಯೂ ಇದ್ದರೆನ್ನಬೇಕು. ನಮ್ಮ ಸೋದರತ್ತೆಯೊಬ್ಬರು ಯಾತ್ರೆಗೆ ಹೋದಲ್ಲೆಲ್ಲ ತಾಮ್ರದ ಗಿಂಡಿ ಕೊಂಡು ತರುತ್ತಿದ್ದರು. ಮನೆಯವರಿಗೆ ಕಾಲು ಚಾಚಲು ಸ್ಥಳವಿರಲಿಲ್ಲ. ಅವರ ಊರಿನಲ್ಲಿ ವಸ್ತುಸಂಗ್ರಹಾಲಯವಿಲ್ಲದ್ದರಿಂದ ಅವೆಲ್ಲ ನಮ್ಮ ಅಟ್ಟಕ್ಕೆ ಬಂದವು.

ಹೋದ ವರ್ಷ ರಜೆಗೆ ಬಂದ ಗಿರಿಜೆ ತನ್ನ ಫೋನಿನಲ್ಲಿ ನಾಲ್ಕು ಬೆರಳುದ್ದದ ಒಂದು ಹಿತ್ತಾಳೆಯ ಸ್ತ್ರೀಮೂರ್ತಿಯ ಚಿತ್ರ ತೋರಿಸಿದಳು.

"ಸವದತ್ತಿ ಕಡಿಂದು ಅಂತ ಚೀಟಿ ಅದ ಮಾಮಾ. ದೇವಿ ಇದ್ದಂಗ ಕಾಣಸ್ತದ. ಆದ್ರ ಖಾತ್ರಿ ಇಲ್ಲ."

ಅವಳ ಕೊನೆಯ ಮಾತು ನನ್ನ ಕಿವಿಯವರೆಗೆ ಬಂತು, ಒಳಗೆ ಇಳಿಯಲಿಲ್ಲ. ಗುಡ್ಡದ ಸೀಮೆಯ ತಾಯಿ, ಕಡಲಾಚೆ, ಗಾಜಿನ ಕಪಾಟಿನಲ್ಲಿ! "ಈಕಿಗೆ ನೈವೇದ್ಯ ಯಾರು ಮಾಡತಾರವಾ?" ಎಂದು ಕೇಳಿದೆ.

"ಮಾಮಾ, ಅಲ್ಲಿ ಒಳಗ ಒಂದು ಚಾಕಲೇಟ್ ಸುದ್ದಾ ಒಯ್ಯಗೊಡೂದಿಲ್ಲ!"

ಅಂದು ನನಗೆ ಊಟ ಸೇರಲಿಲ್ಲ. ಮರುದಿನವೇ ಪೇಟೆಯ ಫೋಟೋ ಸ್ಟುಡಿಯೋಗೆ ಹೋಗಿ, ಆ ಚಿತ್ರವನ್ನು ದೊಡ್ಡದಾಗಿ ತೆಗೆದು ಕಟ್ಟು ಹಾಕಿಕೊಡಲು ಹೇಳಿದೆ; ಅಳತೆ ಹೇಳಲಿಲ್ಲ. ಇಬ್ಬರು ಆಳುಗಳು ಹೊತ್ತು ತಂದು ನಿಲ್ಲಿಸಿದಾಗ ಅದು ನಮ್ಮ ದೇವರಮನೆಯ ಕಿಟಕಿಯನ್ನು ಪೂರ್ತಿ ಮುಚ್ಚಿತು. ಸ್ಟುಡಿಯೋದವನನ್ನು ಕೇಳಿದರೆ, "ಅಜ್ಜಾರ, ದೇವಿ ಅಂದ ಮ್ಯಾಲೆ ಸಣ್ಣಾಕಿನ್ನ ಮಾಡಾಕ ಬರತೈತೇನ್ರಿ?" ಎಂದು ನನಗೇ ಧರ್ಮಸೂಕ್ಷ್ಮ ಬೋಧಿಸಿದ. ಪಟದ ಮುಂದೆ ಕಲಶವಿಟ್ಟು ಯಥಾವಿಧಿ ಆವಾಹನೆ ಮಾಡಿ, ತಾಯೀ, ಇನ್ನು ಮೇಲೆ ನಿನ್ನ ಊಟ ನಮ್ಮಲ್ಲಿ ಎಂದು ಪ್ರಾರ್ಥಿಸಿದೆ. ಮಂಗಳವಾರ, ಶುಕ್ರವಾರ ಹೂರಣದ ಕಡಬು ಎಂದು ಗೊತ್ತುಮಾಡಿದೆ. ಮಾಡಬೇಕಾದವಳು ನನ್ನ ಧರ್ಮಪತ್ನಿ ಪದ್ಮಾವತಿ ಎಂಬುದು ಆ ಭಕ್ತಿಯ ಭರದಲ್ಲಿ ಗೌಣವಾಗಿ ತೋರಿತು.

"ಅಲ್ರೀ, ಮನ್ಯಾಗಿನ ದೇವರಿಗೇ ನನ್ನ ಕೈ ಸಾಲವಲ್ತು. ವಿಲಾಯತಿಯೊಳಗಿನವರಿಗೂ ನಾನ ಬೇಯಿಸಿ ಹಾಕಬೇಕೇನು?" ಎಂದಳು. ಆದರೂ ಮೊಣಕಾಲು ಹಿಡಿದುಕೊಂಡೇ ತಿಂಗಳುಗಟ್ಟಲೆ ಬೇಯಿಸಿದಳು.

ನಿಜವಾದ ತೊಡಕು ಬಂದದ್ದು ಈ ಬೇಸಿಗೆಯಲ್ಲಿ, ರಾಮದುರ್ಗದಲ್ಲಿ ಅವಳ ಅಣ್ಣನ ಮೊಮ್ಮಗಳ ಲಗ್ನ ಗೊತ್ತಾದಾಗ. ತವರಿನಲ್ಲಿ ಉಳಿದಿರುವ ಹಿರಿಯ ಮುತ್ತೈದೆ ಇವಳೊಬ್ಬಳೇ. ಅರಿಷಿಣ ಇವಳ ಕೈಯಿಂದಲೇ ಆಗಬೇಕು, ದಂಪತಿಗಳು ನಾಲ್ಕು ದಿನ ಮೊದಲೇ ಬರಬೇಕು ಎಂದು ಅಣ್ಣ ಖುದ್ದಾಗಿ ಬಂದು ಹೇಳಿಹೋದ. ಊರಿಗೆ ಹೊರಟರೆ ಮನೆದೇವರನ್ನು ಸಂಪುಟದಲ್ಲಿಟ್ಟು ಜೊತೆಗೊಯ್ಯುವುದು ನಮ್ಮ ರೂಢಿ. ಈ ತಾಯಿಯೋ ಬಸ್ಸಿನ ಬಾಗಿಲಲ್ಲಿ ಹಿಡಿಸುವವಳಲ್ಲ. ಆವಾಹಿಸಿ ಕರೆದವಳನ್ನು ಉಪವಾಸ ಕೆಡವಿ ಹೋಗುವುದು ಹೇಗೆ? ನಾವು ಹೋಗುವಂತಿಲ್ಲ ಎಂದೆ.

ಪದ್ಮಾವತಿ ಒರಳು ತೊಳೆಯುತ್ತಿದ್ದವಳು ಎದ್ದು ನಿಂತಳು. "ಆ ಸಾಹೇಬ ದೇವಿನ್ನ ಕಟಗೊಂಡು ಹೋದ. ನೀವು ನನ್ನ ಇಲ್ಲೇ ಕಟ್ಟಿ ಹಾಕೀರಿ. ಇಬ್ಬರೊಳಗ ಅವನ ಛಲೋ, ಪಾಪ, ಕಡಬು ಕೇಳಲಿಲ್ಲ." ಅನಂತರ ಎರಡು ದಿನ ನನ್ನ ಎಲೆಗೆ ತುಪ್ಪ ಬೀಳಲಿಲ್ಲ.

ಮೂರನೆಯ ದಿನ ಗಿರಿಜೆಯ ಫೋನು ಬಂತು. ಮಾತು ಮನೆಗೆಲ್ಲ ಕೇಳುತ್ತಿತ್ತು. "ಮಾಮಾ, ಆ ಮೂರ್ತಿ ತಜ್ಞರು ನೋಡಿದ್ರು. ಅದು ದೇವಿ ಅಲ್ಲಂತ. ಮೇಜಿನ ಮ್ಯಾಲೆ ಕಾಗದ ಹಾರಬಾರದಂತ ಇಡೂ ಗೊಂಬಿ. ಸಾಹೇಬರು ಬಂದಾಗ ಮಾರಲಿಕ್ಕಂತನ ಕಂಚಗಾರರು ಹಂತಾವು ರಾಶಿಗಟ್ಲೆ ಎರಕ ಹೊಯ್ತಿದ್ರಂತ. ಒಂದು ದಿನಾನೂ ಪೂಜಾ ಆಗಿದ್ದಲ್ಲ ಅದು."

ಪದ್ಮಾವತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. "ಕೇಳಿದ್ರ್ಯೋ ಇಲ್ಲೋ? ನಡೀರಿ ರಾಮದುರ್ಗಕ್ಕ."

"ಹಾಂಗ ಬರೂದಿಲ್ಲ. ಅದು ಅಲ್ಲಿ ಗೊಂಬಿ ಇದ್ದೀತು. ಇಲ್ಲಿ ನಾ ಆವಾಹನ ಮಾಡೇನಿ. ಈಗ ದೇವೀನ."

"ಹಂಗಾರ ವಿಸರ್ಜನ ಮಾಡ್ರಿ."

ಮಾಡಬಹುದಿತ್ತು. ಆದರೆ ವಿಸರ್ಜನೆಯಲ್ಲಿ ನಿನ್ನ ಸ್ವಸ್ಥಾನಕ್ಕೆ ತೆರಳು ಎಂದು ಪ್ರಾರ್ಥಿಸಬೇಕು. ಈಕೆಯ ಸ್ವಸ್ಥಾನ ಯಾವುದು? ಸವದತ್ತಿಯ ಗುಡ್ಡವನ್ನು ಈಕೆ ಕಂಡವಳಲ್ಲ. ಗಾಜಿನ ಕಪಾಟಿನಲ್ಲಿರುವುದು ಗೊಂಬೆ. ನನ್ನ ಸಂದೇಹವನ್ನು ವಿಸ್ತಾರವಾಗಿ ವಿವರಿಸಿದೆ. ಪದ್ಮಾವತಿ ಪೂರ್ತಿ ಕೇಳಿ, "ಪ್ಯಾಟ್ಯಾಗಿನ ಫೋಟೋ ಸ್ಟುಡಿಯೋದಿಂದ ಬಂದಾಳ, ಅಲ್ಲಿಗೇ ಹೋಗವಾ ಅಂತ ಹೇಳ್ರಿ" ಎಂದಳು. ಅಷ್ಟರಿಂದ ನನಗೆ ಸಮಾಧಾನವಾಗದ್ದನ್ನು ಕಂಡು ತನ್ನ ಚೀಲ ತುಂಬಿಕೊಂಡು, ಮಧ್ಯಾಹ್ನದ ಬಸ್ಸಿಗೆ ಒಬ್ಬಳೇ ಹೊರಟುಹೋದಳು. ಹಿಂದೆ ತಿರುಗಿಯೂ ನೋಡಲಿಲ್ಲ.

ದೇವಿ, ನಾನು ಇಬ್ಬರೇ ಉಳಿದೆವು. ಬಂದದ್ದು ಶುಕ್ರವಾರ. ನಾನು ಕುದಿಸಿದ ಹೂರಣ ತಳ ಹಿಡಿದು, ಪಾತ್ರೆಯೂ ಅದೂ ಬೇರೆಯಾಗಲು ಒಪ್ಪಲಿಲ್ಲ. ಆಗ ಗ್ರಂಥ ತೆರೆದು ಕೂತೆ. ಆಪತ್ಕಾಲದಲ್ಲಿ ಹಾಲು ಸಕ್ಕರೆಯೂ ಪರಿಪೂರ್ಣ ನೈವೇದ್ಯವೆನ್ನಲು ಆಧಾರ ಸಿಕ್ಕಿತು. ಪದ್ಮಾವತಿಯ ಮೊಣಕಾಲು ನೋಯುತ್ತಿದ್ದ ಅಷ್ಟು ತಿಂಗಳಲ್ಲಿ ಈ ಆಧಾರ ಏಕೆ ನನ್ನ ಕಣ್ಣಿಗೆ ಬೀಳಲಿಲ್ಲವೋ ಆ ತಾಯಿಯೇ ಬಲ್ಲಳು.

ಅರಿಷಿಣದ ದಿನ ಗಿರಿಜೆ ಮತ್ತೆ ಫೋನು ಮಾಡಿದಳು. ಅವಳ ಹಿರಿಯ ಅಧಿಕಾರಿಗಳಿಗೆ ನನ್ನ ಪೂಜೆಯ ಸಂಗತಿ ಬಹಳ ಹಿಡಿಸಿತಂತೆ. ಗೊಂಬೆಯ ಮುಂದೆ ಹೊಸ ಫಲಕ ಹಾಕುತ್ತಾರಂತೆ: ಸಾಹೇಬರ ಮೇಜಿನ ಗೊಂಬೆ, ಬೈಲಹೊಂಗಲದ ಒಂದು ಮನೆಯಲ್ಲಿ ಈಗ ದೇವಿ. "ಪೂಜಾ ಮಾಡೂವಾಗಿನ ನಿಮ್ಮದೊಂದು ಫೋಟೋ ಕಳಸ್ರಿ ಮಾಮಾ. ಗೊಂಬಿ ಬಾಜೂಕ, ಗಾಜಿನೊಳಗ ಇಡತಾರ."

ಲೌಕಿಕ ಕೀರ್ತಿಯಲ್ಲಿ ನನಗೆ ಆಸಕ್ತಿಯಿಲ್ಲ. ಆದರೂ ಪರದೇಶದವರು ನೋಡುವಾಗ ಹಳೆಯ ಪಂಚೆ ಶೋಭಿಸದೆಂದು ಕೂಡಲೇ ರಾಮದುರ್ಗಕ್ಕೆ ಫೋನು ಮಾಡಿ, ನನ್ನ ಜರಿಶಲ್ಯ ಎಲ್ಲಿದೆಯೆಂದು ವಿಚಾರಿಸಿದೆ. ಆಚೆಯಿಂದ ಹೆಂಗಸರ ನಗೆ, ಬಳೆಗಳ ಸದ್ದು ಕೇಳುತ್ತಿತ್ತು. ಕಾರಣ ತಿಳಿದ ಮೇಲೆ ಪದ್ಮಾವತಿ ಹೇಳಿದಳು:

"ದೊಡ್ಡ ಟ್ರಂಕಿನೊಳಗ ಅದ. ಹುಳ ಹತ್ತಬಾರದಂತ ಡಾಂಬರಗುಳಿಗಿ ಹಾಕಿಟ್ಟೇನಿ, ಅವನ್ನ ಚೆಲ್ಲಬ್ಯಾಡ್ರಿ. ಗಾಜಿನ ಕಪಾಟಿನ್ಯಾಗ ಕೂತ ಮ್ಯಾಲೆ ನಿಮಗ ಬೇಕಾಗತಾವ."