ಎಂಟು ಪಾಯಿಂಟ್ ಎರಡು

ಮಾದಿಹಳ್ಳಿ ಡೇರಿಗೆ ಕಂಪ್ಯೂಟರ್ ಬಂದ ಮೊದಲ ಬೆಳಗ್ಗೆಯೇ ಅದು ಉಗ್ರಪ್ಪನ ಹಾಲನ್ನು ಬೇಡವೆಂದಿತು. ಹೆಸರೇನೋ ಉಗ್ರ. ಆಸಾಮಿ ಮಾತ್ರ ಹಲ್ಲಿ ಲೊಚಗುಟ್ಟಿದರೂ ಬೆವರುವವನು.

ಇದು ಎರಡು ಸಾವಿರದ ಮೂರನೇ ಇಸವಿಯ ಮಾತು. ಹಾಲಿನ ಗಟ್ಟಿತನ ತೋರಿಸುವ ಅಂಕಿ 8.2ಕ್ಕಿಂತ ಕೆಳಗಿಳಿದರೆ ನೀರು ಬೆರೆಸಿದ್ದಾರೆಂದೇ ಲೆಕ್ಕ. ಅಂಥವರ ಸದಸ್ಯತ್ವ ಅವತ್ತೇ ರದ್ದು. ಹೆಸರು ಬಾಗಿಲ ಪಕ್ಕದ ಕಪ್ಪು ಹಲಗೆಯ ಮೇಲೆ. ಹಾಲು ಅಳೆಯುವ ಯಂತ್ರ ಸರಿಯಾಗಿ 8.2 ಎಂದೇ ತೋರಿಸಿತ್ತು. ಕಾರ್ಯದರ್ಶಿ ಮರಿಯಣ್ಣ ಅದನ್ನೇ ಕಂಪ್ಯೂಟರಿಗೆ ಒತ್ತಿದ. ಕಂಪ್ಯೂಟರ್ ಅದನ್ನು ನೂರರಿಂದ ಗುಣಿಸಿ ಚೀಟಿ ಉಗುಳಿತು: 819, ತಿರಸ್ಕೃತ. ಪಾಸಾಗಲು 820 ಬೇಕಿತ್ತು.

"ಎಂಟೆರಡು ಇರ್ಲೇಬೇಕು ಕಣಣ್ಣ. ಇನ್ನೊಂದ್ಸಲ ಒತ್ತು," ಎಂದ ಉಗ್ರಪ್ಪ.

ಒತ್ತಿದರೆ ಮತ್ತೆ 819. ಮೂರನೇ ಸಲವೂ ಅದೇ.

"ಮಿಷನ್ನಿಗೇನು ನಿನ್ ಮ್ಯಾಲೆ ದ್ವೇಸವೇನ್ಲಾ?" ಎಂದ ಮರಿಯಣ್ಣ.

ಸಾಲಿನಲ್ಲಿದ್ದವರ ಕಿವಿ ನೆಟ್ಟಗಾದವು. ಯಾರ ಮನೆಯ ಒಲೆಯಾದರೂ ಸರಿ, ಹೋಗಿ ಊದುವ ಗಂಗಯ್ಯ ಓಡಿಹೋಗಿ ಸಂಘದ ಅಧ್ಯಕ್ಷೆ ಸುವರ್ಣಮ್ಮನನ್ನೇ ಕರೆತಂದ. ಉಗ್ರಪ್ಪ ಹಾಲಿನ ಕ್ಯಾನನ್ನು ತಬ್ಬಿ ಹಿಡಿದ. ಸದಸ್ಯತ್ವ ಹೋದರೆ ಎರಡು ಹಸುವಿನ ಹಾಲು ಹೊತ್ತು ಹಳೇಬೀಡಿನ ಹೋಟೆಲುಗಳ ಹಿಂಬಾಗಿಲು ಬಡಿಯಬೇಕು. ಅದನ್ನಾದರೂ ತಡೆದುಕೊಳ್ಳಬಹುದು, ಹಲಗೆಯ ಮೇಲಿನ ಹೆಸರನ್ನು ಹೆಂಡತಿ ತಿಮ್ಮಕ್ಕ ಓದಿದರೆ ಗತಿ?

ನೀರು ಬೆರೆಸಿಲ್ಲವೆಂದು ಕರ್ಪೂರ ಆರಿಸಿ ಆಣೆ ಮಾಡಲಿ ಎಂದು ಗಂಗಯ್ಯ ಸಲಹೆ ಕೊಟ್ಟ. ಕರ್ಪೂರವನ್ನೂ ಅವನೇ ಹಚ್ಚಿದ. ಉಗ್ರಪ್ಪ ಕೈ ಚಾಚಿದ, ಹಿಂದಕ್ಕೆಳೆದ, ಮತ್ತೆ ಚಾಚಿದ. ಗಾಳಿ ಜಾಸ್ತಿ ಎಂದ. ರಾತ್ರಿ ಮೊಟ್ಟೆ ತಿಂದಿದ್ದೇನೆ, ಸ್ನಾನ ಆಗಿಲ್ಲ ಎಂದ. ಅಷ್ಟರಲ್ಲಿ ಅರಸೀಕೆರೆ ಬಸ್ಸಿನಿಂದ, ಆ ಕಂಪ್ಯೂಟರಿನ ಪ್ರೋಗ್ರಾಂ ಬರೆದ ಮಂಜುಶ್ರೀ ಇಳಿದು ಬಂದಳು. ಚೀಟಿ ನೋಡಿ ನಾಲಗೆ ಕಚ್ಚಿಕೊಂಡಳು.

"ಇವರದ್ದೇನೂ ತಪ್ಪಿಲ್ಲ ಅಮ್ಮ, ತಪ್ಪು ನಂದು. 8.2ನ ಕಂಪ್ಯೂಟರ್ ಪೂರ್ತಿ ಹಿಡಿಯಕ್ಕಾಗಲ್ಲ, ಕೂದಲೆಳೆಯಷ್ಟು ಕಮ್ಮಿ ಇಟ್ಕೊಳುತ್ತೆ. ನೂರರಿಂದ ಗುಣಿಸಿದ್ರೆ 819.9999 ಬರುತ್ತೆ. ಪಾಯಿಂಟ್ ಆದ್ಮೇಲಿಂದೆಲ್ಲ ಕತ್ತರಿಸಿ ಬಿಸಾಕು ಅಂತ ನಾನೇ ಬರೆದುಬಿಟ್ಟಿದ್ದೆ."

ಒಂದು ಸಾಲು ತಿದ್ದಿದಳು. 820, ಪಾಸು. ಉಗ್ರಪ್ಪನಿಗೆ ಹೋದ ಜೀವ ಬಂದಂತಾಯಿತು. ಅವಳ ಕಾಲಿಗೇ ಬೀಳಲು ಹೋದ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮಂಜುಶ್ರೀ ಅಚ್ಚುಕಟ್ಟಿನ ಹುಡುಗಿ. ತಪ್ಪು ಆಗುವುದು ಸರಿಯಾಗಿ 8.2 ಬಂದವರಿಗೆ ಮಾತ್ರ. ಅಂಥವರು ಇನ್ನೆಷ್ಟು ಮಂದಿ ಇದ್ದಾರೋ ನೋಡೋಣವೆಂದು ಹಳೆಯ ರಿಜಿಸ್ಟರ್ ತಿರುವಿದಳು. ತಿರುವುತ್ತಾ ತಿರುವುತ್ತಾ ಹುಬ್ಬು ಮೇಲೇರಿತು.

"ಅಂಕಲ್, ಎಲ್ಲರ ಹಸುನೂ ದಿನಕ್ಕೊಂದು ಅಂಕಿ ಕೊಡುತ್ತೆ. ನಿಮ್ಮದು ಮಾತ್ರ ನಾಲ್ಕು ತಿಂಗಳಿಂದ ಎರಡೂ ಹೊತ್ತು 8.2. ಒಂದು ದಿನಾನೂ ಮೇಲೆ ಹೋಗಿಲ್ಲ, ಕೆಳಗೆ ಇಳಿದಿಲ್ಲ. ಅದು ಹೇಗೆ?"

ಸುವರ್ಣಮ್ಮ ನಿಧಾನವಾಗಿ ಕನ್ನಡಕ ಏರಿಸಿಕೊಂಡಳು.

"ಕಂಪ್ಯೂಟರ್ ಕೈಲೂ ಹಿಡಿಯಕ್ಕಾಗ್ದಿರೋ ಎಂಟೆರಡನ್ನ ನೀನೆಂಗ್ಲಾ ಹಿಡಿದೆ? ದಿನಾ ಒಂದು ಚೊಂಬು ನೀರು ಹುಯ್ತಿದ್ಯಾ?"

ಭಯಕ್ಕೆ ಉಗ್ರಪ್ಪನ ಬಾಯಿ ಅವನಿಗಿಂತ ಮುಂಚೆ ಓಡಿತು. "ಪೂರ್ತಿ ಚೊಂಬು ಹುಯ್ದ್ರೆ ಎಂಟೆರಡು ಎಲ್ಲಿ ಬತ್ತದಕ್ಕ? ಮುಕ್ಕಾಲು."