ಲಿಯೋನಿನಲ್ಲಿ ಬೇಡವೆಂದ ಊಟ

ಊಟದ ವಿಷಯದಲ್ಲಿ ನಾನು ಸುಳ್ಳು ಹೇಳುತ್ತೇನೆ. ಬೇರೆ ಯಾವ ವಿಷಯದಲ್ಲೂ ಹೇಳುವುದಿಲ್ಲ ಅಂದರೆ ಅದೂ ಸುಳ್ಳಾದೀತು. ಆದ್ದರಿಂದ ಸದ್ಯ ಊಟದ ಮಟ್ಟಿಗೆ ಒಪ್ಪಿಕೊಳ್ಳುತ್ತೇನೆ. ಹಸಿವಾಗಿದೆಯೇ ಎಂದು ಯಾರಾದರೂ ಕೇಳಿದರೆ, ಹೊಟ್ಟೆ ತಾಳ ಹಾಕುತ್ತಿದ್ದರೂ, ಈಗಷ್ಟೇ ಉಂಡು ಬಂದೆ ಎನ್ನುತ್ತೇನೆ. ಇದು ನನ್ನೊಬ್ಬನ ದೋಷವಲ್ಲ. ನಮ್ಮ ಬಾಗಲಕೋಟೆ ಕಡೆಯ ಮನೆಗಳಲ್ಲಿ ಇದನ್ನು ಮರ್ಯಾದೆ ಎಂದು ಕಲಿಸಿ ಬೆಳೆಸುತ್ತಾರೆ. ಪರರ ಮನೆಯಲ್ಲಿ ಉಣ್ಣಲು ಕೂತವನು ಮೊದಲ ಸಲ ‘ಬ್ಯಾಡ್ರಿ’ ಅನ್ನಬೇಕು. ಎರಡನೆಯ ಸಲ ‘ಸಾಕ್ರಿ, ಹೊಟ್ಟಿ ತುಂಬೇತಿ’ ಅನ್ನಬೇಕು. ಮೂರನೆಯ ಸಲ ಬಡಿಸುವವರು ಆಣೆ ಹಾಕಿ ಬಡಿಸುತ್ತಾರೆ; ಆಗ ಅವರಿಗೆ ದೊಡ್ಡ ಉಪಕಾರ ಮಾಡುವವನ ಹಾಗೆ ಮುಖ ಮಾಡಿ ತಿನ್ನಬೇಕು. ಮೊದಲ ಸಲಕ್ಕೇ ಹಾಕಿಸಿಕೊಂಡವನನ್ನು ಕಂಡರೆ ಹೆಂಗಸರು ಅಡಿಗೆಮನೆಗೆ ಹೋಗಿ ಸೆರಗು ಬಾಯಿಗಿಟ್ಟು ನಗುತ್ತಾರೆ. ಆದರೆ ಈ ಆಟದಲ್ಲಿ ಇಬ್ಬರಿಗೂ ತಮ್ಮ ತಮ್ಮ ಪಾತ್ರ ಗೊತ್ತಿರಬೇಕು. ಒಬ್ಬನಿಗೆ ಗೊತ್ತಿಲ್ಲದಿದ್ದರೆ ಇನ್ನೊಬ್ಬನಿಗೆ ಉಪವಾಸವೇ ಗತಿ.

ಇದು ನನಗೆ ತಿಳಿದದ್ದು ಫ್ರಾನ್ಸಿನ ಲಿಯೋನ್ ಎಂಬ ಊರಿನಲ್ಲಿ. ತೊಂಬತ್ತರ ದಶಕದ ಮಾತು. ನಾನು ಆಗ ದೋಹಾದಲ್ಲಿ ಒಂದು ಕಟ್ಟಡ ಕಂಪನಿಯಲ್ಲಿ ಡ್ರಾಫ್ಟ್ಸ್‌ಮನ್. ಅಲ್ಲಿಯ ಬಿನ್ ಒಮ್ರಾನ್ ಬಡಾವಣೆಯಲ್ಲಿ, ಮೂರನೆಯ ಮಹಡಿಯ ಫ್ಲಾಟಿನಲ್ಲಿ ನಾನು, ಹೆಂಡತಿ ಗಿರಿಜಾ. ನಮಗೆ ನೀರೆತ್ತುವ ಪಂಪು ಕಳಿಸುತ್ತಿದ್ದ ಫ್ರೆಂಚ್ ಕಂಪನಿಯವರು, ನಿಮ್ಮವರೊಬ್ಬರನ್ನು ಮೂರು ವಾರ ಕಳಿಸಿ, ನಮ್ಮ ನಕ್ಷೆ ಓದುವುದನ್ನು ಕಲಿಸುತ್ತೇವೆ ಎಂದರು. ನಮ್ಮ ಮ್ಯಾನೇಜರು ಆಫೀಸನ್ನೆಲ್ಲ ಒಮ್ಮೆ ನೋಡಿ, ಯಾರಿಲ್ಲದಿದ್ದರೆ ಕೆಲಸ ಕೆಡುವುದಿಲ್ಲವೋ ಅವನನ್ನು ಆರಿಸಿ, ‘ಯಲ್ಲಾ, ಹೊರಡು’ ಅಂದರು. ಗಿರಿಜಾ ಒಂದು ಡಬ್ಬಿ ಶೇಂಗಾ ಹಿಂಡಿ, ಅದೇ ಚಟ್ನಿಪುಡಿ, ಕಟ್ಟಿಕೊಟ್ಟಳು. ಅದು ನಾಲ್ಕು ದಿನಕ್ಕೆ ಮುಗಿಯಿತು.

ಲಿಯೋನ್ ತಿನ್ನುವವರ ಊರು. ಎರಡು ಹೊಳೆಗಳು, ಎರಡರ ದಂಡೆಗೂ ಖಾನಾವಳಿಗಳು. ಖಾನಾವಳಿ ಎಂದು ನಾನು ಬರೆದದ್ದು ಅಲ್ಲಿಯವರಿಗೆ ತಿಳಿದರೆ ನೊಂದುಕೊಳ್ಳುತ್ತಾರೆ. ಪ್ರತಿ ಮೇಜಿಗೂ ಇಸ್ತ್ರಿ ಮಾಡಿದ ಬಿಳಿಯ ಬಟ್ಟೆ, ನನ್ನ ಮದುವೆಯಲ್ಲಿ ನಾನು ಹೊದ್ದದ್ದಕ್ಕಿಂತ ಒಳ್ಳೆಯದು. ಅಲ್ಲಿ ನನ್ನ ಉಸ್ತುವಾರಿ ಮೊರೆಲ್ ಸಾಹೇಬರದು. ಐವತ್ತರ ಸುಮಾರಿನ ಇಂಜಿನಿಯರು, ಸ್ವಂತ ಊರಿನ ಅಡಿಗೆಯ ಬಗ್ಗೆ ವಿಪರೀತ ಅಭಿಮಾನ. ವಾರಕ್ಕೆ ನಾಲ್ಕು ಸಂಜೆ ನನ್ನನ್ನು ಒಂದೊಂದು ಹೆಸರಾಂತ ಹೋಟೆಲಿಗೆ ಕರೆದೊಯ್ಯುತ್ತಿದ್ದರು. ನಾನು ಹುಟ್ಟಾ ಸಸ್ಯಾಹಾರಿ ಎಂದು ಅವರಿಗೆ ಹೇಳಿದ್ದೆ. ಅದನ್ನವರು ಒಂದು ಕಾಯಿಲೆಯ ಹಾಗೆ ಅನುಕಂಪದಿಂದ ಕೇಳಿ, ಮೊದಲ ಸಂಜೆಯೇ ಅಡಿಗೆಯವರನ್ನು ಕರೆದು ವಿವರಿಸಿ, ನನಗಾಗಿ ಕೆನೆ ಹಾಕಿ ಬೇಯಿಸಿದ ಆಲೂಗಡ್ಡೆ ಮಾಡಿಸಿದರು. ಬಂತು. ಘಮಘಮ ಅನ್ನುತ್ತಿತ್ತು. ಬಡಿಸುವವನು ಚಮಚ ಹಿಡಿದು ಬಗ್ಗಿ ಕೇಳಿದ. ನನ್ನ ಬಾಯಿ, ನನ್ನನ್ನು ಕೇಳದೆಯೇ, ‘ನೋ, ನೋ’ ಅಂದುಬಿಟ್ಟಿತು. ಇನ್ನೊಮ್ಮೆ ಕೇಳುತ್ತಾನೆ ಎಂದು ಮುಗುಳ್ನಗುತ್ತ ಕೂತೆ. ಅವನೂ ಮುಗುಳ್ನಕ್ಕು, ತಲೆಬಾಗಿ, ಆಲೂಗಡ್ಡೆಯನ್ನು ತೆಗೆದುಕೊಂಡು ಹೋದ.

ಆಮೇಲೆ ಚೀಸಿನ ಬಂಡಿ ಬಂತು. ಹೌದು, ಬಂಡಿಯೇ, ಗಾಲಿಗಳ ಮೇಲೆ. ಮೇಲೆ ಹದಿನೈದು ಇಪ್ಪತ್ತು ಥರದ ಚೀಸುಗಳು, ಬಿಳಿಯವು, ಹಳದಿಯವು, ಬೂಸಲು ಹಿಡಿದವು, ಬೆವರುತ್ತಿದ್ದವು. ಮೊರೆಲ್ ಸಾಹೇಬರು ಒಂದೊಂದರ ವಂಶಾವಳಿ ಹೇಳಿದರು. ‘ಯಾವುದು ಕೊಡಿಸಲಿ?’ ಅಂದರು. ‘ಸಾಕು, ಹೊಟ್ಟೆ ತುಂಬಿದೆ’ ಅಂದೆ. ಏನೂ ತಿನ್ನದವನ ಹೊಟ್ಟೆ ಹೇಗೆ ತುಂಬಿತು ಎಂದು ನಮ್ಮೂರಿನಲ್ಲಾದರೆ ದನ ಕಾಯುವವನೂ ಕೇಳುತ್ತಿದ್ದ. ಇವರು ಕೇಳಲಿಲ್ಲ. ಪಾಪ, ಮಾತನ್ನು ನಂಬುವ ಜನ. ಬಂಡಿ ನನ್ನ ಕಣ್ಣೆದುರೇ ಉರುಳಿಕೊಂಡು ಪಕ್ಕದ ಮೇಜಿಗೆ ಹೋಯಿತು. ಅಲ್ಲಿ ಒಬ್ಬ ಮುದುಕಿ ಮೊದಲ ಮಾತಿಗೇ ಆರು ಥರದ್ದು ಹಾಕಿಸಿಕೊಂಡಳು, ನಾಚಿಕೆಯಿಲ್ಲದೆ. ನಾನು ಬ್ರೆಡ್ಡು ಮುರಿದುಕೊಂಡು ತಿಂದೆ. ಬ್ರೆಡ್ಡನ್ನು ಯಾರೂ ಕೇಳಿ ಕೊಡುವುದಿಲ್ಲ, ಮೇಜಿನ ಮೇಲೆ ಇಟ್ಟೇ ಇರುತ್ತಾರೆ, ಅದರಿಂದ ಬದುಕಿಕೊಂಡೆ.

ಎರಡನೆಯ ವಾರ ಗಟ್ಟಿ ಮನಸ್ಸು ಮಾಡಿದೆ. ಇವತ್ತು ಏನೇ ಕೇಳಲಿ, ಮೊದಲ ಸಲಕ್ಕೇ ಹೂಂ ಅನ್ನಬೇಕು. ಅವತ್ತೇ ಮೊರೆಲ್ ಸಾಹೇಬರು ಒಂದು ಬಟ್ಟಲು ನನ್ನ ಮುಂದೆ ಸರಿಸಿ, ‘ಇದು ನಮ್ಮೂರಿನ ವಿಶೇಷ. ಹೆಸರು, ನೇಕಾರನ ಮಿದುಳು’ ಅಂದರು. ನನ್ನ ಅಜ್ಜ ಇಳಕಲ್ಲಿನಲ್ಲಿ ಮಗ್ಗದ ಮುಂದೆ ಕೂತು ಬೆನ್ನು ಬಗ್ಗಿಸಿಕೊಂಡವನು. ಅಂಥವನ ಮೊಮ್ಮಗ ನೇಕಾರನ ಮಿದುಳು ತಿನ್ನುವುದೇ? ಆವತ್ತು ನಾನು ಹೇಳಿದ ‘ಬೇಡ’ ಮಾತ್ರ ಪ್ರಾಮಾಣಿಕವಾದದ್ದು. ಅದು ಬರೀ ಗಟ್ಟಿ ಮೊಸರು, ಬೆಳ್ಳುಳ್ಳಿ, ಈರುಳ್ಳಿ ಸೊಪ್ಪು ಕಲಸಿದ್ದೆಂದೂ, ಹೆಸರು ತಮಾಷೆಯದೆಂದೂ ತಿಳಿದಾಗ ಸಾಹೇಬರು ಬಟ್ಟಲು ಖಾಲಿ ಮಾಡಿದ್ದರು. ಇಡೀ ಊರಿನಲ್ಲಿ ನಮ್ಮ ಮನೆಯ ರುಚಿಯಿದ್ದ ಪದಾರ್ಥ ಅದೊಂದೇ ಇದ್ದಿರಬೇಕು. ಮರುದಿನದಿಂದ ನನ್ನ ಬಾಯಿಗೆ ಮತ್ತೆ ಹಳೆಯ ‘ನೋ, ನೋ’ ಅಂಟಿಕೊಂಡಿತು.

ಇಷ್ಟಕ್ಕೇ ಮುಗಿದಿದ್ದರೆ ಚಿಂತೆಯಿರಲಿಲ್ಲ. ಎರಡು ದಿನಕ್ಕೊಮ್ಮೆ ಮನೆಗೆ ಫೋನು ಮಾಡುತ್ತಿದ್ದೆ, ಗಿರಿಜಾಳ ಮೊದಲ ಪ್ರಶ್ನೆ ಒಂದೇ: ‘ಏನ್ ಉಂಡ್ರಿ?’ ಬ್ರೆಡ್ಡು ಅಂದರೆ ಅಲ್ಲಿ ಅವಳು ಊಟ ಬಿಡುತ್ತಾಳೆ. ‘ಏನ್ ಕೇಳ್ತಿ! ಇಪ್ಪತ್ತ ಥರದ ಚೀಸ, ಬಂಡ್ಯಾಗ ಹೇರಿ ತಂದಿದ್ರು’ ಅಂದೆ. ತಂದಿದ್ದರು ಎಂಬುದು ನಿಜವೇ. ತಂದದ್ದು ವಾಪಸು ಹೋಯಿತು ಎಂದು ಹೇಳುವಷ್ಟರಲ್ಲಿ ಫೋನ್ ಕಾರ್ಡು ಮುಗಿದಿರುತ್ತಿತ್ತು. ನಾನು ದೋಹಾಕ್ಕೆ ಮರಳುವಷ್ಟರಲ್ಲಿ ಬಂಡಿಯ ಸಂಗತಿ ಬಿನ್ ಒಮ್ರಾನ್ ದಾಟಿ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ದಿನಸಿ ಅಂಗಡಿಯವರೆಗೂ ಹೋಗಿತ್ತು. ನಮ್ಮ ಕೆಳಗಿನ ಫ್ಲಾಟಿನ ಶೆಟ್ಟರು, ಉಡುಪಿಯವರು, ಮೆಟ್ಟಿಲಲ್ಲೇ ತಡೆದು ಮೇಲಿಂದ ಕೆಳಗೆ ನೋಡಿದರು. ‘ಎಂತ ಮಾರಾಯ್ರೆ, ಅಷ್ಟು ತಿಂದವರು ಉಬ್ಬಿ ಬರ್ಬೇಕಿತ್ತಲ್ಲ? ನೀವು ಸಪುರ ಆಗಿ ಬಂದದ್ದು ಹೇಗೆ?’ ಅಲ್ಲಿ ನಡಿಗೆ ಜಾಸ್ತಿ ಎಂದು ಹೇಳಿ ಪ್ಯಾಂಟನ್ನು ಮೇಲೆಳೆದುಕೊಂಡು ಮನೆ ಸೇರಿದೆ.

ಎರಡು ತಿಂಗಳಾದ ಮೇಲೆ ಮೊರೆಲ್ ಸಾಹೇಬರು ಪಂಪು ಕೂಡಿಸುವ ಕೆಲಸಕ್ಕೆ ದೋಹಾಕ್ಕೇ ಬಂದರು. ಸುದ್ದಿಯನ್ನು ನಾನು ಮುಚ್ಚಿಟ್ಟಿದ್ದೆ, ಎಲ್ಲಿಂದಲೋ ಕೇಳಿದ ಶೆಟ್ಟರು ಗಿರಿಜಾಳಿಗೆ ಮುಟ್ಟಿಸಿಬಿಟ್ಟರು. ಗಿರಿಜಾ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. ‘ಮೂರ ವಾರ ನಿಮಗ ಬಂಡಿಲೇ ತಂದ ಉಣಿಸ್ಯಾರ. ಅಂಥವ್ರನ್ನ ಒಂದ ತುತ್ತ ಊಟಕ್ಕ ಕರೀಲಿಲ್ಲಂದ್ರ ಮಂದಿ ಏನಂದಾರು?’ ಅವರಿಗೆ ಖಾರ ಆಗುವುದಿಲ್ಲ ಅಂದೆ, ಅವರಿಗೆ ಪುರುಸೊತ್ತಿಲ್ಲ ಅಂದೆ, ಅವರಿಗೆ ನೆಲದ ಮೇಲೆ ಕೂರಲಾಗದು ಅಂದೆ. ನಮ್ಮಲ್ಲಿ ಕುರ್ಚಿ ಅದಾವಲ್ರೀ ಅಂದಳು. ಆ ಮನುಷ್ಯ ಬಾಯಿಬಿಟ್ಟರೆ ನನ್ನ ಮೂರು ವಾರದ ವೈಭವ ಮಣ್ಣುಪಾಲಾಗುತ್ತದೆ ಎಂದು ಅವಳಿಗೆ ಹೇಗೆ ಹೇಳಲಿ? ಶುಕ್ರವಾರದ ಊಟಕ್ಕೆ ಕರೆದದ್ದಾಯಿತು; ಗುರುವಾರ ರಾತ್ರಿಯೆಲ್ಲ ನನಗೆ ನಿದ್ದೆ ಹತ್ತಲಿಲ್ಲ.

ಶುಕ್ರವಾರ ಮಧ್ಯಾಹ್ನ ಮೊರೆಲ್ ಸಾಹೇಬರು ಹೂವು ಹಿಡಿದು ಬಂದರು. ರೊಟ್ಟಿ, ಎಣಗಾಯಿ, ಹೋಳಿಗೆ, ತುಪ್ಪ. ಒಂದು ಹೋಳಿಗೆ ತಿಂದು, ತುಂಬ ಚೆನ್ನಾಗಿದೆ ಎಂದು ಹೊಗಳಿ, ಇನ್ನು ಸಾಕು ಅಂದರು. ಗಿರಿಜಾ ಎರಡನೆಯದನ್ನು ಹಾಕಿದಳು. ‘ನೋ, ಥ್ಯಾಂಕ್ಯೂ’ ಅಂದರು. ಒಳ್ಳೆಯ ಮನೆತನದವರು, ಮರ್ಯಾದೆ ಗೊತ್ತಿದೆ ಎಂದು ಮೆಚ್ಚಿ ಮೂರನೆಯದನ್ನು ಹಾಕಿ ತುಪ್ಪ ಸುರಿದಳು. ‘ಮೆರ್ಸಿ! ಖಲಾಸ್, ಮೇಡಂ, ಖಲಾಸ್!’ ಎಂದು ಸಾಹೇಬರು ತಮಗೆ ಬಂದ ಭಾಷೆಗಳನ್ನೆಲ್ಲ ಪ್ರಯೋಗಿಸಿದರು. ನಾಲ್ಕನೆಯದು ಬಿತ್ತು. ಬೆವರೊರೆಸಿಕೊಳ್ಳುತ್ತ ಸಾಹೇಬರು ನನ್ನತ್ತ ತಿರುಗಿ ಇಂಗ್ಲಿಷಿನಲ್ಲಿ ಅಂದರು, ‘ನಿಮ್ಮ ಸಂಯಮ ನನಗಿಲ್ಲ. ಲಿಯೋನಿನಲ್ಲಿ ಮೂರು ವಾರ ಏನು ಕೊಟ್ಟರೂ ನೀವು ಬೇಡ ಅಂದಿರಿ. ಬರೀ ಬ್ರೆಡ್ಡು! ಇವರು ಯೋಗಿ ಇರಬೇಕು ಎಂದು ನನ್ನ ಹೆಂಡತಿಗೆ ಹೇಳಿದ್ದೆ.’

‘ಅಡಿಗಿ ಭಾಳ ಚಲೋ ಆಗೇತಂತ’ ಎಂದು ನಾನು ಗಿರಿಜಾಳಿಗೆ ಅನುವಾದಿಸಿದೆ.

‘ನನಗೂ ಇಂಗ್ಲಿಷ್ ತಿಳೀತೈತ್ರಿ’ ಅಂದಳು ಅವಳು.

ಸಾಹೇಬರು ಹೋದ ಮೇಲೆ ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ‘ಹಸ್ತೇನಿ ಅಂತ ಹೇಳಾಕ ನಿಮಗೇನಾಗಿತ್ರಿ? ನಾ ಇಲ್ಲಿ ಮಂದಿ ಮುಂದ ಕುಣದಾಡ್ಕೋತ ಹೊಂಟಿದ್ದೆ’ ಅಂದಳು, ಕಣ್ಣಲ್ಲಿ ನೀರು. ನನಗೆ ನಿಜಕ್ಕೂ ನಾಚಿಕೆಯಾಯಿತು. ಆ ನಾಚಿಕೆಯಲ್ಲೇ ರಾತ್ರಿ ಉಣ್ಣಲು ಕೂತೆ. ಎರಡನೆಯ ರೊಟ್ಟಿ ತಂದಳು. ರೂಢಿ, ‘ಸಾಕು’ ಅಂದೆ. ಅವಳು ಮುಗುಳ್ನಕ್ಕು, ತಲೆಬಾಗಿ, ರೊಟ್ಟಿಯನ್ನು ಒಳಗೆ ಒಯ್ದಳು. ಪಲ್ಯವೂ ಹೋಯಿತು, ಮೊಸರೂ ಹೋಯಿತು. ‘ಸಾಹೇಬರ ಊರಾಗ ಆಡಿದ ಮಾತಿಗೆ ಕಿಮ್ಮತ್ತ ಕೊಡ್ತಾರಂತ್ರಿ, ಇನ್ಮ್ಯಾಲ ನಮ್ಮ ಮನ್ಯಾಗೂ ಹಂಗ.’ ಒಂದು ವಾರ ಹೀಗೇ ನಡೆಯಿತು. ಎಂಟನೆಯ ದಿನ ಅವಳು ಬಾಗಿಲಲ್ಲಿ ಕಾಣಿಸುವ ಮೊದಲೇ ‘ಹಾಕು!’ ಎಂದು ಕೂಗಿದೆ. ಮೂವತ್ತೆಂಟು ವರ್ಷ ಬಾರದ ವಿದ್ಯೆ ಏಳು ದಿನದಲ್ಲಿ ಬಂತು.

ಆ ಬೇಸಿಗೆ ರಜೆಯಲ್ಲಿ ಊರಿಗೆ ಹೋದೆವು. ಅವ್ವ ಹೋಳಿಗೆಯ ಬುಟ್ಟಿ ಹಿಡಿದು ಬಂದು ಇನ್ನೂ ಕೇಳುವುದರೊಳಗೆ ‘ಹಾಕವ್ವ, ಎರಡು ಹಾಕು’ ಅಂದೆ. ಅವ್ವ ಬುಟ್ಟಿ ಹಿಡಿದು ಹಾಗೇ ನಿಂತಳು. ನನ್ನ ಮುಖ ನೋಡಿದಳು, ನಿಧಾನವಾಗಿ ಸೊಸೆಯ ಕಡೆ ತಿರುಗಿದಳು. ‘ಯಾಕವಾ ಗಿರಿಜಾ, ಅಲ್ಲಿ ಇಂವಗ ಹೊಟ್ಟಿ ತುಂಬ ಹಾಕಂಗಿಲ್ಲೇನ?’ ಗಿರಿಜಾ ನನ್ನ ಕಡೆ ನೋಡಿದ ನೋಟದಲ್ಲಿ ದೋಹಾಕ್ಕೆ ಮರಳಿದ ಮೇಲಿನ ನನ್ನ ಭವಿಷ್ಯವೆಲ್ಲ ಇತ್ತು. ‘ಬ್ಯಾಡವ್ವ ಬ್ಯಾಡ, ಸಾಕು’ ಅಂದೆ. ಅವ್ವನ ಮುಖ ಅರಳಿತು. ಮಗ ಕೆಟ್ಟಿಲ್ಲವೆಂದು ಸಮಾಧಾನಗೊಂಡು ಮೂರು ಹೋಳಿಗೆ ಹಾಕಿದಳು.