ಆರು ಬಾತುಮರಿಗಳಿಗೆ ಒಂದು ಹಾಸಿಗೆ

ಮನುಷ್ಯನ ನಡಿಗೆ ನೋಡಿದರೆ ಸಾಕು, ಅವನ ಬೆನ್ನಿಗೆ ಎಂಥ ಹಾಸಿಗೆ ಬೇಕೆಂದು ಹೇಳಬಲ್ಲೆ ಎಂಬುದು ಹಾಸಿಗೆ ಸಾಹುಕಾರರ ಇಪ್ಪತ್ತಾರು ವರ್ಷಗಳ ಹೆಮ್ಮೆ. ಬಸ್ ನಿಲ್ದಾಣದ ಎದುರಿನ ಅವರ ಅಂಗಡಿಗೆ ಸೊಂಟ ಹಿಡಿದುಕೊಂಡು ಬಂದವರು ಹಾಸಿಗೆ ಹೊತ್ತುಕೊಂಡು ಹೋಗುತ್ತಿದ್ದರು. (ಸೊಂಟ ಹಿಡಿದುಕೊಂಡವರು ಹಾಸಿಗೆ ಹೊರುವುದು ಹೇಗೆ ಎಂದು ಹೆಂಡತಿ ಒಮ್ಮೆ ಕೇಳಿದ್ದಳು. ಉತ್ತರ ಇನ್ನೂ ಬಾಕಿಯಿದೆ.) ಇಂಥವರ ಮುಂದೆ ಆರು ಬಾತುಮರಿಗಳು ಬಂದು ನಿಂತು, ಇವಕ್ಕೆ ಮಲಗಲು ಏನು ಹಾಸುವುದೆಂಬ ಪ್ರಶ್ನೆ ಎದ್ದಾಗ ಅವರಿಗೆ ನಗು ಬಂದದ್ದರಲ್ಲಿ ತಪ್ಪೇನಿಲ್ಲ.

ಮರಿಗಳನ್ನು ತಂದವಳು ಹೆಂಡತಿ. ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಮಕ್ಕಳಿಗೆ ತೋರಿಸಲೆಂದು ಶಾಲೆಯ ಲ್ಯಾಬಿನಲ್ಲಿ ಶಾಖ ಕೊಟ್ಟು ಮೊಟ್ಟೆ ಮರಿ ಮಾಡಿಸಿದ್ದಳು. ಮೂರನೆಯ ದಿನಕ್ಕೆ ಲ್ಯಾಬಿನ ವಾಸನೆ ತಡೆಯಲಾರದೆ ಹೆಡ್ ಮೇಡಂ ಮೂಗು ಮುಚ್ಚಿಕೊಂಡೇ ಆದೇಶ ಹೊರಡಿಸಿದ್ದರಿಂದ ಮರಿಗಳು ರಟ್ಟಿನ ಪೆಟ್ಟಿಗೆಯಲ್ಲಿ ಕುಳಿತು ಮನೆಗೆ ಬಂದವು.

"ಆರನ್ನೂ ದೊಡ್ಡದು ಮಾಡಿ ಶಾಲೆ ಕೊಳಕ್ಕೆ ಬಿಡ್ತೀನಿ ಅಂತ ಮಕ್ಕಳಿಗೆ ಮಾತು ಕೊಟ್ಟಿದೀನಿ ರೀ. ಮೊದಲು ಕೆಳಗೆ ಏನು ಹಾಸಬೇಕು ಅಂತ ದನದಾಸ್ಪತ್ರೆ ಡಾಕ್ಟರಮ್ಮನ್ನ ಕೇಳ್ಕೊಂಡು ಬರ್ತೀನಿ."

"ಹಾಸೋ ವಿಷಯಕ್ಕೆ ಡಾಕ್ಟರಾ? ಮನೇಲಿ ನಾನಿರುವಾಗ?"

"ನೀವು ಮನುಷ್ಯರಿಗೆ ಹಾಸೋರು."

"ಬೆನ್ನು ಅಂದ್ಮೇಲೆ ಎಲ್ಲಾ ಬೆನ್ನೂ ಒಂದೇ ಕಣೇ."

"ಅವು ಬೆನ್ನ ಮೇಲೆ ಮಲಗಲ್ಲ ರೀ!"

ಇಂಥ ಸಣ್ಣಪುಟ್ಟ ಆಕ್ಷೇಪಣೆಗಳಿಗೆ ಕಿವಿಗೊಡುವವರಲ್ಲ ಸಾಹುಕಾರರು. ಅಂಗಡಿಯಿಂದ ಹೊಳೆಹೊಳೆಯುವ ರೆಕ್ಸಿನ್ ತಂದು, ಅಳತೆಗೆ ಕತ್ತರಿಸಿ, ಸುಕ್ಕಿಲ್ಲದಂತೆ ಹಾಸಿದರು. ಒರೆಸಿದರೆ ಕ್ಷಣದಲ್ಲಿ ಶುಭ್ರ. ಮರಿಗಳು ಅದರ ಮೇಲೆ ಕಾಲಿಟ್ಟವು, ಜಾರಿದವು, ಎದ್ದವು, ಒಂದರ ಮೇಲೊಂದು ಬಿದ್ದವು. "ನೋಡು, ಎಷ್ಟು ಖುಷಿಯಾಗಿ ಜಾರಬಂಡಿ ಆಡ್ತಿವೆ!" ಎಂದು ಸಾಹುಕಾರರು ಚಪ್ಪಾಳೆ ತಟ್ಟಿದರು.

ಎರಡು ದಿನದ ಮೇಲೆ ಎಲ್ಲಕ್ಕಿಂತ ಚಿಕ್ಕ ಮರಿ ಏಳಲಿಲ್ಲ. ಅದರ ಕಾಲುಗಳು ಒಂದು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ ಹರಡಿಕೊಂಡಿದ್ದವು. ಕೂಡಿಸಿ ನಿಲ್ಲಿಸಿದರೆ ಮತ್ತೆ ಹಾಗೆಯೇ ಹರಡಿಕೊಂಡು ಎದೆಯ ಮೇಲೆ ಬೀಳುತ್ತಿತ್ತು. ಶಾಲೆಯಿಂದ ಬಂದ ಹೆಂಡತಿ ಅದನ್ನು ಕೈಗೆತ್ತಿಕೊಂಡಳು. ಬೈಯಲಿಲ್ಲ. ಆಗ ಸಾಹುಕಾರರಿಗೆ ನಿಜವಾಗಿ ಭಯವಾಯಿತು.

ದನದಾಸ್ಪತ್ರೆಯಲ್ಲಿ ಡಾಕ್ಟರಮ್ಮ ಮರಿಯ ಎರಡು ಕಾಲುಗಳ ನಡುವೆ ಅಂತರ ಬಿಟ್ಟು ಮೆತ್ತನೆಯ ಪಟ್ಟಿಯಿಂದ ಸೇರಿಸಿ ಕಟ್ಟಿದರು.

"ಮೂಳೆ ಇನ್ನೂ ಎಳೇದು, ಸರಿ ಹೋಗಬಹುದು. ಆದ್ರೆ ಕೆಳಗೆ ಜಾರ್ತಾ ಇದ್ರೆ ಕಟ್ಟಿ ಏನೂ ಪ್ರಯೋಜನ ಇಲ್ಲ. ಯಾರು ಹಾಸಿದ್ದು ಇದಕ್ಕೆ?"

"ಹಾಸಿಗೆ ಅಂಗಡಿಯವರು," ಎಂದಳು ಹೆಂಡತಿ.

"ಅವರಿಗೆ ಸ್ವಲ್ಪ ಬೈಯಿರಿ."

"ದಿನಾ ಬೈತೀನಿ ಡಾಕ್ಟರೇ."

ಸಾಹುಕಾರರು ಗೋಡೆಯ ಮೇಲಿದ್ದ ಎಮ್ಮೆಯ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತ ನಿಂತರು. ಹಾಸುವುದು ಕಾಲಿಗೆ ಹಿಡಿತ ಕೊಡಬೇಕು, ನೀರು ಹೀರಬೇಕು, ಧೂಳಿರಬಾರದು, ನುಂಗುವಂತಿರಬಾರದು ಎಂದು ಡಾಕ್ಟರಮ್ಮ ಹೇಳಿದ್ದರಲ್ಲಿ ಅವರ ಕಿವಿಗೆ ಬಿದ್ದದ್ದು "ನೀರು ಹೀರಬೇಕು" ಎಂಬುದಷ್ಟೆ. ಮರುದಿನ ಅತ್ಯುತ್ತಮ ದರ್ಜೆಯ ಫೋಮ್ ಬಂತು. ಮರಿಗಳು ನೀರಿನ ಬಟ್ಟಲಿಗೆ ಕೊಕ್ಕು ಅದ್ದಿ, ಕತ್ತು ಅದ್ದಿ, ಕೊನೆಗೆ ತಾವೇ ಇಳಿದು, ಅರ್ಧ ಗಂಟೆಯಲ್ಲಿ ಬಟ್ಟಲನ್ನು ಖಾಲಿ ಮಾಡಿದವು. ಅಷ್ಟೂ ನೀರು ಕುಡಿದು ಫೋಮು ಬಾತುಕೊಂಡಿತು. (ಪೆಟ್ಟಿಗೆಯಲ್ಲಿ ಈಗ ಆರಲ್ಲ, ಏಳು ಬಾತು ಎಂದು ಹೇಳಿ ಹೆಂಡತಿಯನ್ನು ನಗಿಸಲು ಹೋದರು. ಅವಳು ಒಂದು ಮರಿಯ ಬಾಯಿಂದ ಫೋಮಿನ ಚೂರು ಎಳೆಯುತ್ತಿದ್ದಳು. ಸಮಯ ಸರಿಯಿರಲಿಲ್ಲ.)

"ಇನ್ನು ಅಂಗಡಿಯಿಂದ ಏನಾದ್ರೂ ತಂದ್ರೆ ನೋಡಿ!"

ಹಾಗಾಗಿ ಬಡಗಿಯ ಬಳಿ ಹೋದರು. ಅವನು ಚೀಲ ತುಂಬ ಮರದ ಪುಡಿ ಕೊಟ್ಟ. ಹೆಂಡತಿ ಚೀಲದ ಬಾಯಿ ಬಿಚ್ಚಿದಳು, ಸೀನಿದಳು, ಕಟ್ಟಿದಳು. "ಇಷ್ಟು ಸಣ್ಣಗಿದ್ರೆ ಊಟ ಅಂದ್ಕೊಂಡು ತಿಂದುಬಿಡ್ತಾವೆ. ವಾಪಸ್ ಕೊಡಿ."

ಎರಡನೆಯ ಸಲ ಬಡಗಿ ಮರ ಹೆರೆಯುವಾಗ ಉದುರುವ ಸುರುಳಿ ಸಿಪ್ಪೆ ಕೊಟ್ಟ. "ವಾಸನೆ ನೋಡಿ ಸಾಹುಕಾರ್ರೇ, ಅತ್ತರು ಇದ್ದಂಗಿದೆ!" ಸಾಹುಕಾರರು ದಾರಿಯುದ್ದಕ್ಕೂ ಮೂಸಿಕೊಂಡೇ ಬಂದರು. ಹೆಂಡತಿ ಡಾಕ್ಟರಮ್ಮನಿಗೆ ಫೋನ್ ಮಾಡಿದಳು. "ಘಮ್ಮೆನ್ನೋ ಮರ ಬೇಡವೇ ಬೇಡ, ಮರಿಗಳ ಉಸಿರಿಗೆ ಆಗಲ್ಲ" ಎಂಬ ಉತ್ತರ ಬಂತು. ಮೂರನೆಯ ಸಲ ಸಾಹುಕಾರರು ಬಂದದ್ದು ಕಂಡ ಬಡಗಿ, "ಮದುವೆಗೆ ಗಂಡು ಹುಡುಕಿದ್ರೂ ಇಷ್ಟು ತಿರಸ್ಕಾರ ಆಗಲ್ಲ ಬಿಡಿ," ಎಂದು ವಾಸನೆಯಿಲ್ಲದ ಸಾದಾ ಮರದ ದಪ್ಪ ಸುರುಳಿಗಳನ್ನು ತುಂಬಿಕೊಟ್ಟ.

ಗೆರೆಗೆರೆಯ ರಬ್ಬರ್ ಚಾಪೆಯ ಮೇಲೆ ಸುರುಳಿ ಸಿಪ್ಪೆ ಹರಡಿದ್ದಾಯಿತು. ಅಂಗಡಿಯಲ್ಲಿ ಒಂದು ಹುಲ್ಲುಕಡ್ಡಿಯನ್ನೂ ಬಗ್ಗಿ ಎತ್ತದ ಸಾಹುಕಾರರು ಅಡುಗೆಮನೆಯ ಜರಡಿ ಹಿಡಿದು ಧೂಳು ಸೋಸಿದರು, ಒದ್ದೆಯಾದದ್ದನ್ನು ತೆಗೆದು ಒಣಗಿದ್ದನ್ನು ಹಾಕಿದರು, ಚಿಕ್ಕದರ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು, "ಏಳಪ್ಪಾ, ನಿನ್ನ ಕೈಮುಗೀತೀನಿ," ಎಂದು ಬೇಡಿದರು. ಮೂರನೆಯ ದಿನ ಡಾಕ್ಟರಮ್ಮ ಹೇಳಿದಂತೆ ಪಟ್ಟಿ ಬಿಚ್ಚಿದರು. ಮರಿ ಎದ್ದಿತು. ವಾಲಿತು. ಸಿಪ್ಪೆಯೊಳಗೆ ಬೆರಳೂರಿ ಮತ್ತೆ ನಿಂತಿತು. ಮೂರು ಹೆಜ್ಜೆ ನಡೆದು ಸಾಹುಕಾರರ ಹೆಬ್ಬೆಟ್ಟು ಕುಕ್ಕಿತು.

"ಕಣ್ಣಿಗೆ ಧೂಳು ಬಿತ್ತು," ಎಂದರು ಸಾಹುಕಾರರು.

"ಜರಡಿ ಹಿಡಿದ ಮೇಲೂ ಧೂಳಾ?" ಎಂದಳು ಹೆಂಡತಿ. ಆದರೆ ಅವಳ ಕಣ್ಣಿಗೂ ಅದೇ ಧೂಳು ಬಿದ್ದಿತ್ತು.

ಅಲ್ಲಿಂದ ಸಾಹುಕಾರರನ್ನು ಹಿಡಿಯುವವರಿರಲಿಲ್ಲ. ಮುಂದಿನ ವಾರ ಹೆಂಡತಿಗೆ ಇಡೀ ದಿನ ಪರೀಕ್ಷೆಯ ಡ್ಯೂಟಿ ಬಿದ್ದಾಗ, "ನನ್ನ ಮರಿಗಳನ್ನ ನಾನೇ ನೋಡ್ಕೋತೀನಿ," ಎಂದು ಪೆಟ್ಟಿಗೆಯನ್ನು ಅಂಗಡಿಗೇ ಹೊತ್ತೊಯ್ದರು. ಮಧ್ಯಾಹ್ನ ಒಬ್ಬ ಹಿರಿಯರು ಪತ್ನಿಯೊಡನೆ ಬಂದರು. ಸಾಹುಕಾರರು ಆ ಹಿರಿಯರನ್ನು ಅಂಗಡಿಯಲ್ಲೇ ಅತಿ ದುಬಾರಿಯಾದ ಹಾಸಿಗೆಯ ಮೇಲೆ ಮಲಗಿಸಿ, ಕಣ್ಣು ಮುಚ್ಚಲು ಹೇಳಿ, ವ್ಯಾಖ್ಯಾನ ಶುರುಮಾಡಿದರು.

"ಈಗ ಹೇಳಿ ಸರ್, ಮೋಡದ ಮೇಲೆ ತೇಲಿದ ಹಾಗಿಲ್ವಾ?"

"ತೇಲ್ತಾ ಇದೀನಿ. ಆದ್ರೆ ಕಿವೀಲಿ ಯಾರೋ ಕುಕ್ತಾ ಇದಾರೆ."

ಹಾಸಿಗೆಗೆ ತಾಗಿಸಿ ಇಟ್ಟಿದ್ದ ಪೆಟ್ಟಿಗೆಯ ಮುಚ್ಚಳ ಸರಿದಿತ್ತು. ಆರೂ ಮರಿಗಳು ಹಾಸಿಗೆ ಏರಿದ್ದವು. ಚಿಕ್ಕದು ಎಲ್ಲಕ್ಕಿಂತ ಮುಂದೆ, ಹಿರಿಯರ ದಿಂಬಿನ ಮೇಲೆ. ಏರಿದವು ಸುಮ್ಮನೆಯೂ ಕೂರಲಿಲ್ಲ. ಆರು ಕಡೆ ಆರು ಮೊಹರು ಒತ್ತಿದ್ದವು. ಹಾಸಿಗೆ ಅಂಗಡಿ ಹಾಸ್ಯದ ಅಂಗಡಿಯಾಯಿತು. ಬಂದಿದ್ದ ಗಂಡಹೆಂಡಿರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಆಕೆ, "ಇವಕ್ಕೆ ಏನು ಹಾಸಿದೀರಿ? ನಮ್ಮನೇಲೂ ಮರಿಗಳಿವೆ," ಎಂದರು. ಸಾಹುಕಾರರು ಮೈಮರೆತು ಸುರುಳಿ ಸಿಪ್ಪೆಯ ಮಹಿಮೆಯನ್ನು ಅರ್ಧ ಗಂಟೆ ಬಣ್ಣಿಸಿದರು. ಕೇಳಿ ಮುಗಿಸಿದ ಇಬ್ಬರೂ ನೆಟ್ಟಗೆ ಬಡಗಿಯ ಅಂಗಡಿಗೆ ನಡೆದರು.

ಸಂಜೆ ಹೆಂಡತಿ ಅಂಗಡಿಗೆ ಬಂದಾಗ ಸಾಹುಕಾರರು ಒದ್ದೆ ಬಟ್ಟೆ ಹಿಡಿದು ಹಾಸಿಗೆ ಉಜ್ಜುತ್ತಿದ್ದರು.

"ಇನ್ನು ಇದನ್ನ ಮಾರೋಕಾಗಲ್ಲ," ಎಂದು ನಿಟ್ಟುಸಿರಿಟ್ಟರು.

ಹೆಂಡತಿ ಅಂಗೈಯಿಂದ ಹಾಸಿಗೆಯನ್ನು ಒತ್ತಿ ನೋಡಿದಳು. ಈ ದಂಪತಿ ಮಲಗುತ್ತಿದ್ದದ್ದು ಯಾವುದೋ ಗಿರಾಕಿ ನಡುವೆ ಹಳ್ಳ ಬಿದ್ದಿದೆಯೆಂದು ಹಿಂದಿರುಗಿಸಿದ ಹಾಸಿಗೆಯ ಮೇಲೆ; ಅಂಗಡಿಯ ಮಾಲು ಮನೆಗೆ ತಂದರೆ ವ್ಯಾಪಾರ ಹಾಳಾಗುತ್ತದೆಂಬುದು ಸಾಹುಕಾರರ ಸಿದ್ಧಾಂತ. ಅವಳು ಹೆಗಲ ಮೇಲಿನ ಚೀಲ ಇಳಿಸಿ, ಚಪ್ಪಲಿ ಬಿಟ್ಟು, ಕಲೆಯಿಲ್ಲದ ಜಾಗ ನೋಡಿ ಉದ್ದಕ್ಕೆ ಮಲಗಿದಳು.

"ಹಾಗಾದ್ರೆ ಇದು ಮನೆಗೆ. ತಿರುವಿ ಹಾಕಿದ್ರೆ ಕಲೆ ಕಾಣಲ್ಲ."

"ತಗೊಂಡು ಹೋಗೋಣ ಬಿಡು," ಎಂದರು ಸಾಹುಕಾರರು, ನಷ್ಟದಲ್ಲೂ ತಮ್ಮ ಸೊಂಟಕ್ಕಾಗುವ ಸುಖ ನೆನೆದು. ಮರುಕ್ಷಣ ಏನೋ ಹೊಳೆದು ಗಾಬರಿಯಾದರು. "ಅಯ್ಯೋ, ಇದು ಒಬ್ಬರು ಮಲಗೋ ಅಳತೆ ಕಣೇ!"

"ಗೊತ್ತು," ಎಂದು ಅವಳು ಕಣ್ಣು ಮುಚ್ಚಿದಳು. "ಅಳತೆ ನೋಡಿಯೇ ಮಲಗಿದ್ದು."